ಹಿಡಿ ನುಚ್ಚಿಗೆ ಒಂದು ಹೆಸರು

ಅಂಕೋಲೆಯಿಂದ ಕಾರವಾರದವರೆಗೆ ಯಾವ ಭಜನಾ ಮಂಡಳಿಯವರನ್ನಾದರೂ ನಿಲ್ಲಿಸಿ ‘ನಿಮ್ಮ ಮಂಡಳಿಯ ಹೆಸರೇನು?’ ಎಂದು ಕೇಳಿ ನೋಡಿ. ಹೇಳುವ ಮೊದಲು ಅವರು ಒಮ್ಮೆ ನಗುತ್ತಾರೆ. ಹಾರವಾಡದಲ್ಲಿ ‘ಮುರುಕು ಪೆಟ್ಟಿಗೆ ಭಜನಾ ಮಂಡಳಿ’ ಇದೆ. ಕೇಣಿಯಲ್ಲಿ ‘ಹಳಸಲು ಗಂಜಿ’ ಇದೆ. ಕಾರವಾರದಲ್ಲಿ ಮದುವೆ ಮೆರವಣಿಗೆಗೆ ಹೋಗುವ ಒಂದು ಬ್ಯಾಂಡ್ ಸೆಟ್ಟಿನ ಹೆಸರು ‘ಹರಕು ಕೋಟು’. ಬೊಬ್ರುವಾಡದ ನಮ್ಮ ಹೆಂಗಸರ ಮಂಡಳಿ ‘ಒಡಕು ಗಡಿಗೆ’. ಹೊರಗಿನಿಂದ ಬಂದವರು ಇದನ್ನೆಲ್ಲ ಕೇಳಿ ಈ ಕಡೆಯ ಜನ ಭಾರೀ ತಮಾಷೆಯವರು ಎಂದುಕೊಳ್ಳುತ್ತಾರೆ. ಇವೆಲ್ಲ ಒಬ್ಬರೇ ಇಟ್ಟ ಹೆಸರುಗಳು. ಅವರು ಒಂದನ್ನೂ ತಮಾಷೆಗೆ ಇಟ್ಟವರಲ್ಲ.

ಅವರು ಹೋದ ಆಷಾಢದಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ನಗುತ್ತೀರಿ, ನೀವು ನಕ್ಕರೆ ನನಗೆ ಸಿಟ್ಟು ಬರುತ್ತದೆ, ಅಲ್ಲಿಗೆ ಈ ಬರಹ ಕೆಡುತ್ತದೆ. ಊರಿನವರ ಬಾಯಲ್ಲಿ ಅವರು ಮೈಕ್ ಮಾಮ. ಅಂಕೋಲೆ ಪೇಟೆಯ ಒಂದು ಓಣಿಯಲ್ಲಿ ಶಾಮಿಯಾನ, ಕುರ್ಚಿ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದರು. ಮೈಕ್ ತಂದವರೇ ಮೈಕಿನಲ್ಲಿ ಮಾತಾಡುವವರೂ ಆಗಿದ್ದರಿಂದ ಚೌತಿ, ನವರಾತ್ರಿ, ಭಜನಾ ಸಪ್ತಾಹ ಏನೇ ಇರಲಿ, ‘ಈಗ ನಿಮ್ಮ ಮುಂದೆ’ ಎನ್ನುವ ದನಿ ಅವರದೇ ಆಗಿರುತ್ತಿತ್ತು.

ಆ ದನಿಯ ಬಗ್ಗೆ ಅವರಿಗೆ ಜಂಬ ವಿಪರೀತ. ರೇಡಿಯೋದವರು ತನ್ನನ್ನು ಕರೆಯದೇ ಇದ್ದದ್ದು ರೇಡಿಯೋದ ಹಣೆಬರಹ ಎನ್ನುತ್ತಿದ್ದರು. ಮಾತಾಡುವ ಮೊದಲು ಹೆಗಲ ಮೇಲಿನ ಶಾಲ್ಯದ ತುದಿಯಿಂದ ಮೈಕನ್ನು ಒರೆಸುತ್ತಿದ್ದರು, ಚಿಕ್ಕ ಮಗುವಿನ ಮೂಗು ಒರೆಸಿದ ಹಾಗೆ. ಬೇರೆಯವರು ಮೈಕ್ ಪರೀಕ್ಷೆಗೆ ‘ಹಲೋ ಹಲೋ’ ಅಂದರೆ ಇವರು ಮೀನಿನ ಹೆಸರು ಹೇಳುತ್ತಿದ್ದರು. ‘ಬಂಗಡೆ... ತಾರ್ಲೆ... ಇಸ್ವಾಣ... ಶೆಟ್ಲಿ.’ ಬಂಗಡೆಯಲ್ಲಿ ದಪ್ಪ ದನಿ ಸರಿಯಾಗಿ ಬರುತ್ತದೋ ಇಲ್ಲವೋ ತಿಳಿಯುತ್ತದಂತೆ, ಶೆಟ್ಲಿಯಲ್ಲಿ ಸೀಟಿ ಹೊಡೆಯುತ್ತದೋ ಇಲ್ಲವೋ ತಿಳಿಯುತ್ತದಂತೆ. ಒಮ್ಮೆ ದೇವಸ್ಥಾನದ ಮೊಕ್ತೇಸರರು ಸಂಕೋಚದಿಂದ ಹತ್ತಿರ ಬಂದು, ‘ಮಾಮ, ದೇವ್ರ ಎದುರಿಗೆ ಮೀನು ಬೇಡಾಗಿತ್ತು’ ಅಂದರು.

‘ಮತ್ಸ್ಯಾವತಾರ ಎತ್ತಿದ್ದು ಯಾರು? ನಾನಾ?’ ಎಂದು ಇವರು ಮೈಕಿನಲ್ಲೇ ಕೇಳಿದರು. ಆಮೇಲೆ ಏಕಾದಶಿಯ ದಿನ ಮಾತ್ರ ಬದನೆ, ಬೆಂಡೆ, ಹರಿವೆ ಎನ್ನಲು ಒಪ್ಪಿಕೊಂಡರು.

ಯಾರನ್ನೂ ಹೊಗಳುವವರಲ್ಲ. ಎಷ್ಟೇ ಚೆನ್ನಾಗಿ ಹಾಡಿದರೂ ಅವರ ಬಾಯಿಂದ ‘ಸುಮಾರು’ ಎನ್ನುವುದಕ್ಕಿಂತ ದೊಡ್ಡ ಮಾತು ಬಂದದ್ದಿಲ್ಲ. ಯಾರದಾದರೂ ಮಗುವನ್ನು ಎತ್ತಿಕೊಂಡರೆ ‘ಎಂಥಾ ಕೋತಿ ಹುಟ್ಟಿದ್ಯೇ ನಿಮ್ಮನೇಲಿ’ ಎನ್ನುತ್ತಿದ್ದರು. ತಾಯಿಯರು ಅದನ್ನೇ ಆಶೀರ್ವಾದ ಎಂದುಕೊಂಡು ಸಂತೋಷಪಡುತ್ತಿದ್ದರು. ನನಗೆ ಕಾರವಾರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಾಗ ಹೇಳಲು ಹೋದೆ. ‘ಸರ್ಕಾರಕ್ಕೆ ಬೇರೆ ಜನ ಸಿಗ್ಲಿಲ್ವೇನೇ?’ ಅಂದರು. ಸಂಜೆ ಅವರ ಹೆಂಡತಿ, ನಾವೆಲ್ಲ ಮಾಮಿ ಎನ್ನುತ್ತಿದ್ದ ಹೆಂಗಸು, ಪೇಡೆ ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ‘ಅವ್ರೇ ಕಳ್ಸಿದ್ದು, ಹೇಳ್ಬೇಡ ಅಂದಿದ್ರು’ ಎಂದರು.

ಇದಕ್ಕೆಲ್ಲ ಮೂಲ ಒಂದೇ, ಕಣ್ಣು. ಚಂದದ್ದರ ಮೇಲೆ ಕಣ್ಣು ಬೀಳುತ್ತದೆ, ಕಣ್ಣು ಬಿದ್ದದ್ದು ಉಳಿಯುವುದಿಲ್ಲ. ನಮ್ಮ ಕಡೆ ಹಿಂದೆ ಹುಟ್ಟಿದ ಮಕ್ಕಳು ಕೈಗೆ ಹತ್ತದೇ ಹೋಗುತ್ತಿದ್ದ ಮನೆಗಳಲ್ಲಿ ಒಂದು ಕ್ರಮವಿತ್ತು. ಮುಂದಿನ ಮಗು ಹುಟ್ಟಿದ ಕೂಡಲೇ ಅದನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಹೊರಗೆ ಇಡುತ್ತಿದ್ದರು, ಬೇಡವಾದ ಕಸದ ಹಾಗೆ. ನೆರೆಮನೆಯವಳು ಬಂದು ಹಿಡಿ ನುಚ್ಚು ಕೊಟ್ಟು ಆ ಮಗುವನ್ನು ‘ಕೊಂಡು’, ಯಾರೂ ಆಸೆಪಡದಂಥ ಒಂದು ಹೆಸರಿಟ್ಟು, ಸಾಕಲಿಕ್ಕೆಂದು ತಾಯಿಗೇ ತಿರುಗಿ ಕೊಡುತ್ತಿದ್ದಳು. ಮೈಕ್ ಮಾಮ ಅದನ್ನೇ ಸಂಗೀತದ ಮಂಡಳಿಗಳಿಗೆ ಮಾಡಿದರು. ಹೊಸ ಮಂಡಳಿಯವರು ಹೆಸರು ಕೇಳಲು ಬಂದರೆ ಅವರ ತಾಳದ ಜೋಡಿಯನ್ನು ಮೊರದಲ್ಲಿಟ್ಟು ಅಂಗಡಿಯ ಹೊಸ್ತಿಲ ಹೊರಗಿಡಬೇಕು. ಮಾಮಿ ಒಳಗಿನಿಂದ ಹಿಡಿ ನುಚ್ಚು ತಂದು ಕೊಡುತ್ತಾರೆ. ಮಾಮ ನುಚ್ಚನ್ನು ಮಂಡಳಿಯ ಮುಖ್ಯಸ್ಥನ ಅಂಗೈಗೆ ಹಾಕಿ, ತಾಳ ಎತ್ತಿಕೊಂಡು, ಮಂಡಳಿಯಲ್ಲಿ ಎಲ್ಲಕ್ಕಿಂತ ಚಂದದ್ದು ಯಾವುದಿದೆಯೋ ಅದನ್ನೇ ಹಾಳುಮಾಡಿ ಹೆಸರು ಹೇಳುತ್ತಾರೆ.

ಹಾರವಾಡದವರು ಬೆಳಗಾವಿಯಿಂದ ಹೊಸ ಹಾರ್ಮೋನಿಯಂ ತಂದಿದ್ದರು. ಮುಖ ನೋಡಿಕೊಳ್ಳುವಷ್ಟು ಪಾಲಿಶು. ಅದಕ್ಕೇ ಅವರು ‘ಮುರುಕು ಪೆಟ್ಟಿಗೆ’ಯಾದರು. ಪೆಟ್ಟಿಗೆ ಬಾರಿಸುವವ ಎರಡು ದಿನ ಊಟ ಬಿಟ್ಟಿದ್ದನಂತೆ. ಕೇಣಿಯ ಮಂಡಳಿಯವರು ಭಜನೆ ಮುಗಿದ ಮೇಲೆ ಬಂದವರಿಗೆಲ್ಲ ಹೊಟ್ಟೆ ತುಂಬ ಉಪ್ಪಿಟ್ಟು, ಪಾಯಸ ಬಡಿಸುವವರು. ಅವರಿಗೆ ‘ಹಳಸಲು ಗಂಜಿ’. ಕಾರವಾರದ ಬ್ಯಾಂಡಿನವರು ಕೆಂಪು ಕೋಟು, ಬಂಗಾರದ ಬಣ್ಣದ ಜರಿ ಹಚ್ಚಿಕೊಂಡು ‘ರಾಯಲ್’ ಎಂದು ಸೇರಿಸಿ ಏನಾದರೂ ಇಡಿ ಎಂದು ಬಂದರು. ‘ಹರಕು ಕೋಟು’ ಎನಿಸಿಕೊಂಡು ತಿರುಗಿ ಹೋದರು. ಮೊದಮೊದಲು ಹೆಣ್ಣಿನ ಕಡೆಯವರು ಈ ಹೆಸರು ಕೇಳಿ ಬ್ಯಾಂಡೇ ಬೇಡ ಅಂದದ್ದುಂಟು. ಈಗ ಸದಾಶಿವಗಡದ ಆಚೆಯಿಂದಲೂ ಕರೆ ಬರುತ್ತದೆ. ಹರಕು ಕೋಟಿನವರು ಮುಂದೆ ನಡೆದರೆ ಮದುಮಕ್ಕಳಿಗೆ ದೃಷ್ಟಿ ತಾಗುವುದಿಲ್ಲ ಎಂದು ಜನರೇ ಹೇಳಿಕೊಳ್ಳುತ್ತಾರೆ.

ಮಾಮನ ಮಾತು ಮೀರಿ ‘ಸ್ವರಸಾಮ್ರಾಟ್’ ಎಂದು ಹೆಸರಿಟ್ಟುಕೊಂಡ ಆರ್ಕೆಸ್ಟ್ರಾ ಒಂದಿತ್ತು. ಮುಂದಿನ ಮೈಕಿನಲ್ಲಿ ಯಾರು ಹಾಡಬೇಕು ಎಂಬ ಜಗಳದಲ್ಲಿ ವರ್ಷದೊಳಗೆ ಒಡೆಯಿತು. ಈ ಕಥೆಯನ್ನು ಮಾಮ ಪ್ರತಿ ನಾಮಕರಣದಲ್ಲೂ ಹೇಳುತ್ತಿದ್ದರು, ಪ್ರತಿ ಸಲವೂ ಜಗಳ ಸ್ವಲ್ಪ ದೊಡ್ಡದಾಗುತ್ತಿತ್ತು. ಅದರ ಇಬ್ಬರು ಮುಖ್ಯ ಗಾಯಕರು ಭಾವ-ಮೈದುನರು, ಆರ್ಕೆಸ್ಟ್ರಾ ಕಟ್ಟುವ ಮೊದಲೇ ಅವರಿಗೆ ಮಾತುಕತೆ ಇರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ನಾನು ಆವಕ-ಜಾವಕ ವಿಭಾಗದವಳು. ಬಂದ ಕಾಗದಕ್ಕೆ ತಾರೀಖಿನ ಮುದ್ರೆ ಒತ್ತುವುದು ನನ್ನ ಕೆಲಸ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಗೊತ್ತಾದರೆ ಲೋಕದ ಅರ್ಧ ತಕರಾರು ಮುಗಿಯುತ್ತದೆ ಎಂದು ನಂಬಿದವಳು. ಆದರೂ ಆ ಭಾವ-ಮೈದುನರ ವಿಷಯ ಮಾಮನಿಗೆ ಹೇಳಲು ಹೋಗಲಿಲ್ಲ. ಆಗ ನನಗೆ ಅಷ್ಟು ಬುದ್ಧಿಯಿತ್ತು.

ನಮ್ಮದು ‘ಒಡಕು ಗಡಿಗೆ’ ಆದದ್ದು ಯಮುನಕ್ಕನಿಂದ. ಯಮುನಕ್ಕ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಬೊಬ್ರುವಾಡದಲ್ಲಿ ತಾಯಿಯ ಜೊತೆ ಇದ್ದಳು. ಅವಳ ಗಂಟಲು ತುಂಬಿದ ಗಡಿಗೆಯ ಹಾಗೆ, ಎಷ್ಟು ಬಗ್ಗಿಸಿದರೂ ಒಂದೇ ಸಮನೆ ಸುರಿಯುತ್ತಿತ್ತು. ಹೆಸರು ಕೇಳಲು ಹೋದ ದಿನ ಮಾಮ ಅವಳಿಂದ ಒಂದು ಪದ ಹೇಳಿಸಿದರು. ಕೇಳಿ ಮುಗಿದ ಮೇಲೆ ಅಂಗಡಿಯ ಮೂಲೆಗೆ ಹೋಗಿ ಸುಮ್ಮನೆ ಒಂದು ಸ್ಪೀಕರಿನ ಧೂಳು ಒರೆಸಿದರು. ತಿರುಗಿ ಬಂದು, ‘ಒಡಕು ಗಡಿಗೆ. ಹೋಗಿ, ಬದುಕಿಕೊಳ್ಳಿ’ ಅಂದರು. ಅಂದಿನಿಂದ ಅವಳು ಎಲ್ಲಿ ಹಾಡಿದರೂ ಕೊನೆಗೆ ‘ಸುಮಾರು’ ಎನ್ನುತ್ತಿದ್ದರು. ಆದರೆ ಅವಳ ಸರದಿ ಬಂದಾಗ ಅವರ ಕೈ ತಾನಾಗಿ ಯಂತ್ರದ ಗುಂಡಿಯನ್ನು ಒಂದಿಷ್ಟು ಮೇಲಕ್ಕೆ ತಿರುಗಿಸುತ್ತಿತ್ತು. ನಾನು ಪಕ್ಕದಲ್ಲಿ ತಾಳ ಹಿಡಿದು ಕೂತವಳು, ನೋಡುತ್ತಿದ್ದೆ.

ಮೂರು ವರ್ಷದ ಹಿಂದೆ ಕಾರವಾರದ ಸಮುದ್ರ ದಂಡೆಯ ಬಯಲು ವೇದಿಕೆಯಲ್ಲಿ ಹಾಡಲು ನಮ್ಮ ಮಂಡಳಿಗೆ ಕರೆ ಬಂತು. ಅಷ್ಟು ದೊಡ್ಡ ಜಾಗದಲ್ಲಿ ನಾವು ಹಾಡಿದ್ದಿಲ್ಲ. ಅದೇ ದಿನಗಳಲ್ಲಿ ಯಮುನಕ್ಕ ಒಂದು ಮಧ್ಯಾಹ್ನ ನನ್ನ ಕಚೇರಿಗೆ ಬಂದು, ಸೆರಗು ಸರಿಸಿ ಕತ್ತಿನ ಬದಿಯ ಗಂಟು ತೋರಿಸಿದಳು. ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಪರೀಕ್ಷೆಗಳಾದವು. ಮಂಗಳೂರಿಗೆ ಹೋಗಬೇಕು ಅಂದರು, ಅಲ್ಲಿಂದ ದಿನವೂ ನಿಗದಿಯಾಯಿತು. ಕಾರವಾರದ ಕಾರ್ಯಕ್ರಮ ಅದಕ್ಕಿಂತ ಮೊದಲೇ ಬರುತ್ತಿತ್ತು.

‘ಯಾರಿಗೂ ಹೇಳ್ಬೇಡ ಮಾರಾಯ್ತಿ’ ಅಂದಳು, ಆ ದಿನ ಗೊತ್ತಾಗಿ ಊರಿಗೆ ತಿರುಗಿ ಬರುವ ಬಸ್ಸಿನಲ್ಲಿ. ‘ಆಯಿಗೂ ಆಮೇಲೇ ಹೇಳ್ತೆ. ಈಗ ಹೇಳಿದ್ರೆ ನೀವೆಲ್ಲ ಅಳ್ತಾ ಹಾಡ್ತ್ರಿ, ಶ್ರುತಿ ಹಾಳಾಗ್ತದೆ.’

ನಾವಿಬ್ಬರೂ ಬಸ್ಸಿಳಿದು ನೇರವಾಗಿ ಮಾಮನ ಅಂಗಡಿಗೆ ಹೋದೆವು. ಅವಳಿಗೇ ಹೋಗಬೇಕಾಗಿತ್ತು. ಮಾಮ ವಯರು ಸುತ್ತುತ್ತಿದ್ದರು.

‘ಮಾಮಾ, ನಮ್ಗೆ ಒಂದು ಚಂದ ಹೆಸ್ರು ಇಡಿ’ ಅಂದಳು.

‘ಯಾಕೆ, ಒಡಕು ಗಡಿಗೆಗೆ ಎಂತಾ ಆಯ್ತು? ಪೋಸ್ಟರಿನವ್ರು ಏನಾರೂ ಹೇಳಿದ್ರಾ?’

‘ಪೋಸ್ಟರಿಗಲ್ಲ. ನಂಗೆ ಬೇಕು. ಒಂದೇ ದಿನಕ್ಕೆ. ಆಮೇಲೆ ಒಡಕು ಗಡಿಗೆ ಇದ್ದದ್ದೇ ಅಲ್ವಾ?’

‘ಒಂದೇ ದಿನಕ್ಕೆ ವಿಷ ಕುಡೀತ್ಯಾ?’ ಎಂದು ಬೈದರು. ‘ಹೋಗಿ, ಹೋಗಿ. ತಲೆ ಸರಿ ಇಲ್ಲ ನಿಮ್ಮಿಬ್ರಿಗೂ.’

ಅವಳು ಹೋಗಲಿಲ್ಲ. ಹೊಸ್ತಿಲ ಮೇಲೆ ಕೂತಳು. ಅವರಿಗೆ ವಯರಿನ ತುದಿ ಎತ್ತಿ ಎತ್ತಿ ಕೊಟ್ಟಳು. ಇಬ್ಬರೂ ಸೇರಿ ಇಡೀ ವಯರು ಸುತ್ತಿ ಮುಗಿಸಿದರು. ಯಾಕೆ ಕೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಕಾರವಾರದ ವೇದಿಕೆಯ ಮೇಲೆ ನಾವು ಕೂತ ಮೇಲೆ ಮಾಮ ಶಾಲ್ಯದ ತುದಿಯಿಂದ ಮೈಕ್ ಒರೆಸಿದರು. ಸೂರ್ಯ ಇನ್ನೂ ಮುಳುಗಿರಲಿಲ್ಲ, ಎದುರಿಗೆ ಕೂತ ಜನ ಕಣ್ಣಿಗೆ ಕೈ ಅಡ್ಡ ಹಿಡಿದಿದ್ದರು. ‘ಈಗ ನಿಮ್ಮ ಮುಂದೆ ಬೊಬ್ರುವಾಡದ ಅಮೃತಕಂಠ ಭಜನಾ ಮಂಡಳಿ’ ಎಂದರು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಮುನಕ್ಕನ ಕಡೆ ಕೈ ತೋರಿಸಿ, ‘ಇಂಥ ಗಂಟಲನ್ನು ನಾನು ನನ್ನ ಆಯುಷ್ಯದಲ್ಲೇ ಕೇಳಿಲ್ಲ’ ಎಂದುಬಿಟ್ಟರು. ಹಾರ್ಮೋನಿಯಂ ಮುಂದಿದ್ದ ನಮ್ಮ ಗೆಳತಿ ಹೆದರಿ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಯಮುನಕ್ಕ ಮಾತ್ರ ನಕ್ಕಳು. ಅವಳು ಅಂದು ಹಾಡಿದ ಹಾಗೆ ಹಿಂದೆಂದೂ ಹಾಡಿದ್ದಿಲ್ಲ. ಮುಂದೆ ಹಾಡಲೂ ಇಲ್ಲ.

ಮಂಗಳೂರಿನಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಿದರು. ಮಳೆಗಾಲದ ಹೊತ್ತಿಗೆ ದನಿ ಹೋಯಿತು, ಚೌತಿಗೆ ಮೊದಲು ಅವಳೂ ಹೋದಳು.

ಮಾಮ ಅವಳ ಮನೆಯಂಗಳದವರೆಗೆ ಬಂದು ಬೇಲಿಯ ಹೊರಗೇ ನಿಂತಿದ್ದರು. ಒಳಗೆ ಬರಲಿಲ್ಲ. ನಾನು ಹತ್ತಿರ ಹೋದಾಗ, ‘ಮೈಕ್ ಹಾಕಿ ಊರಿಗೆಲ್ಲಾ ತೋರಿಸ್ದೆ. ಗಂಟಲು ಇಲ್ಲಿದೆ ನೋಡಿ, ಇಲ್ಲೇ ಇದೆ ಅಂತ ಕಣ್ಣಿಗೆ ದಾರಿ ತೋರಿಸ್ದವ ನಾನು’ ಅಂದರು. ಅಂದಿನಿಂದ ಮೀನು ತಿನ್ನುವುದು ಬಿಟ್ಟರು. ಮೀನು ಬಿಡುವುದೆಂದರೆ ಅವರಿಗೆ ಕಾಲು ಕಡಿದುಕೊಂಡ ಹಾಗೆ. ಆದರೂ ಕೆಲಸ ಬಿಡಲಿಲ್ಲ. ಆ ವರ್ಷ ಹೆಸರು ಕೇಳಲು ಬಂದವರಿಗೆ ಇಟ್ಟ ಹೆಸರುಗಳು ಎಂಥವೆಂದರೆ, ಆಮಂತ್ರಣ ಪತ್ರಿಕೆ ಛಾಪಿಸುವವನು ಎರಡೆರಡು ಸಲ ಫೋನು ಮಾಡಿ ಇದೇ ಹೌದಾ ಎಂದು ಕೇಳುತ್ತಿದ್ದ. ಒಂದು ಹೊಸ ಮಂಡಳಿಗೂ ಏನೂ ಆಗದಂತೆ ಕಾಯಬೇಕು ಎಂದು ಹಟ ಹಿಡಿದವರ ಹಾಗಿದ್ದರು.

ನನಗೆ ಅವರ ಸಂಕಟ ನೋಡಲಾಗಲಿಲ್ಲ. ಅವರು ಹೊತ್ತುಕೊಂಡದ್ದು ಅವರದಲ್ಲದ ಭಾರ, ಇಳಿಸಬಲ್ಲವಳು ನಾನೊಬ್ಬಳೇ. ಯಮುನಕ್ಕನ ಮಾತು ಕಾರ್ಯಕ್ರಮದವರೆಗೆ ಮಾತ್ರ ಇತ್ತಲ್ಲ, ಇನ್ನು ಯಾಕೆ ಮುಚ್ಚಿಡಬೇಕು ಎಂದುಕೊಂಡೆ. ಒಂದು ಭಾನುವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಎದುರು ಕೂತು ಎಲ್ಲ ಹೇಳಿದೆ. ಗಂಟು ತೋರಿಸಿದ್ದು, ಡಾಕ್ಟರು ಹೇಳಿದ್ದು, ಅದೇ ದಿನ ನಾವು ಹೆಸರು ಕೇಳಲು ಬಂದದ್ದು, ಎಲ್ಲವನ್ನೂ ತಾರೀಖಿನ ಪ್ರಕಾರ. ಕಾಯಿಲೆ ಮೊದಲು, ಹೆಸರು ಆಮೇಲೆ. ‘ನಿಮ್ಮಿಂದ ಏನೂ ಆಗ್ಲಿಲ್ಲ ಮಾಮಾ. ನೀವು ಹೆಸ್ರು ಇಡದೇ ಇದ್ದಿದ್ರೂ ಆಗೂದು ಆಗ್ತಿತ್ತು’ ಅಂದೆ. ಅವರ ಮುಖ ಸಡಿಲಾಗುವುದನ್ನು ನೋಡಬೇಕೆಂದು ನಾನು ಕಾದಿದ್ದೆ. ನಿಜ ಹೇಳಬೇಕೆಂದರೆ ನನ್ನ ಬಗ್ಗೆ ನನಗೇ ಅಭಿಮಾನ ಅನಿಸಿತ್ತು.

ಅವರು ಶಾಲ್ಯದ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

‘ಅಂದ್ರೆ ಚಂದ ಹೆಸ್ರು ಏನೂ ಮಾಡೂದಿಲ್ಲ’ ಎಂದರು ಕೊನೆಗೆ.

‘ಏನೂ ಮಾಡೂದಿಲ್ಲ ಮಾಮಾ.’

‘ಹಂಗಾರೆ ಕೆಟ್ಟ ಹೆಸ್ರೂ ಏನೂ ಮಾಡೂದಿಲ್ಲ.’

ಇದು ನನಗೆ ಹೊಳೆದಿರಲಿಲ್ಲ.

‘ನಂಗಿಂತ ಮುಂಚೆ ಹುಟ್ಟಿದವ್ರು ಯಾರೂ ಉಳೀಲಿಲ್ಲ’ ಎಂದರು. ‘ನನ್ನ ಮೊರದಲ್ಲಿ ಹಾಕಿ ಹೊರಗಿಟ್ಟು, ಹಿಡಿ ನುಚ್ಚಿಗೆ ಮಾರಿ, ಈ ಹೆಸ್ರಿಡಿಸಿ ಒಳಗೆ ತಂದ್ಲು ನಮ್ಮವ್ವ. ಸಾಯೂವರೆಗೂ ಒಂದು ದಿನ ನನ್ನ ಮಗಾ ಅಂತ ಕರೀಲಿಲ್ಲ. ಎಂಥದ್ದೋ ಹೊಲಸು ಕರ್ದ ಹಾಗೇ ಕರೀತಿದ್ಲು. ಶಾಲೇಲಿ ಹುಡ್ಗರೆಲ್ಲಾ ನಗೂದು, ನಾ ಅತ್ಕಂಡು ಮನೆಗೆ ಬರೂದು, ಅವ್ವ ಬಾಗ್ಲಲ್ಲಿ ನಿಂತ್ಕಂಡು ಮತ್ತೆ ಅದೇ ಹೆಸ್ರಲ್ಲಿ ಕರೆ​ಯೂದು. ಕರ್ದು ಕರ್ದು ಬಾಯಿಗೆ ಸೆರಗು ಅಡ್ಡ ಹಿಡೀತಿದ್ಲು. ನಂಗೆ ಆಮೇಲೆ ಅರ್ಥ ಆಯ್ತು ಯಾಕೆ ಅಂತ. ನೀ ಈಗ ಹೇಳು, ಅದೆಲ್ಲಾ ಸುಮ್ನೆಯಾ? ನಮ್ಮವ್ವ ಅಷ್ಟು ವರ್ಷ ಬಾಯಿ ಕಟ್ಕಂಡಿದ್ದು ಸುಮ್ನೆಯಾ?’

‘ಹಂಗಲ್ಲ ಮಾಮಾ’ ಅಂದೆ. ಹೇಗೆ ಎನ್ನುವುದು ನನಗೂ ಗೊತ್ತಿರಲಿಲ್ಲ. ಅವರು ಎದ್ದು ಅಂಗಡಿಯ ಒಳಕ್ಕೆ ಹೋದರು. ನಾನು ಬಸ್ಸು ಹಿಡಿಯುವವಳ ಹಾಗೆ ಅವಸರವಸರವಾಗಿ ಹೊರಟುಬಂದೆ, ಭಾನುವಾರ ನನಗೆ ಯಾವ ಬಸ್ಸೂ ಇರಲಿಲ್ಲ.

ಆಮೇಲಿನ ನವರಾತ್ರಿಗೆ ಅವರು ಮೈಕ್ ಹಿಡಿದು ‘ಹಲೋ, ಹಲೋ’ ಅಂದರು. ಬಂಗಡೆ ಇಲ್ಲ, ಬದನೆಯೂ ಇಲ್ಲ. ಜನ ಗಮನಿಸಿದರೋ ಇಲ್ಲವೋ, ನಾನು ತಾಳ ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಕೂತಿದ್ದೆ. ಕೇಣಿಯ ಕೆಲವು ಯುವಕರು ದೋಣಿಯ ಕೆಲಸದಿಂದ ಬಂದ ಮೇಲೆ ಸಂಜೆ ಹೊತ್ತು ಕೂತು ಹಾಡಿ ಒಳ್ಳೆಯ ಮೇಳ ಕಟ್ಟಿಕೊಂಡಿದ್ದರು. ಮೊರ, ತಾಳ ಎಲ್ಲ ಹಿಡಿದುಕೊಂಡು ಅಂಗಡಿಗೆ ಹೋದರೆ, ‘ನಿಮ್ಗೆ ಬೇಕಾದ್ದು ಇಟ್ಕಣಿ. ಚಂದದ್ದೇ ಇಟ್ಕಣಿ’ ಎಂದು ಕಳುಹಿಸಿದರಂತೆ. ಹುಡುಗರು ಹೆದರಿ ಯಾವ ಹೆಸರನ್ನೂ ಇಟ್ಟುಕೊಳ್ಳಲಿಲ್ಲ. ಹೆಸರಿಲ್ಲದ ಮೇಳವನ್ನು ಯಾರೂ ಕರೆಯುವುದಿಲ್ಲ. ಅವರು ಹಾಡುವುದನ್ನೇ ಬಿಡುವ ಮಾತಾಡುತ್ತಿದ್ದರು.

ಒಂದು ದಿನ ನಾನು ಕಚೇರಿಯಿಂದ ಬರುವಷ್ಟರಲ್ಲಿ ಮಾಮಿ ನಮ್ಮ ಜಗಲಿಯ ಮೇಲೆ ಕೂತಿದ್ದರು.

‘ಎಂತಾ ಹೇಳಿ ಬಂದ್ಯೇ ಅವ್ರಿಗೆ?’ ಅಂದರು. ದನಿಯಲ್ಲಿ ಜಗಳವಿರಲಿಲ್ಲ. ‘ಯಮುನಾ ಹೋದಾಗ ಅತ್ರು, ಮೀನು ಬಿಟ್ರು, ಆದ್ರೆ ಎರಡು ಹೊತ್ತು ಉಣ್ತಿದ್ರು, ನನ್ನ ಬೈತಿದ್ರು. ಈಗ ಅನ್ನದ ಮುಂದೆ ಸುಮ್ನೆ ಕೂತಿರ್ತಾರೆ. ನಿನ್ನೆ ನನ್ನ ಕರೀವಾಗ, ಬಾರೇ ಚಂದದವ್ಳೇ ಅಂದ್ರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇದೇ ಮೊದ್ಲು. ನಂಗೆ ಹೆದ್ರಿಕೆ ಆಗ್ತದೆ ತಂಗೀ.’

ಹೇಳಿದ್ದನ್ನು ಅವರಿಗೂ ಹೇಳಿದೆ. ಅವರು ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ನಿಜ ಹೌದೇನೋ. ಆದ್ರೆ ಅದು ಯಾರಿಗೆ ಬೇಕಾಗಿತ್ತು?’ ಅಂದರು. ನನಗೆ ಬೇಕಾಗಿತ್ತು. ಕೈಯಲ್ಲಿ ಸರಿಯಾದ ತಾರೀಖು ಇಟ್ಟುಕೊಂಡು ಸುಮ್ಮನಿರಲು ನನಗೆ ಆಗಲಿಲ್ಲ.

ಮರುದಿನ ರಜೆ ಹಾಕಿದೆ. ಬೊಬ್ರುವಾಡದಿಂದ ಪೇಟೆಗೆ ನಡೆದೇ ಹೋದೆ, ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ನಾನು ಇವತ್ತಿನವರೆಗೂ ಯಾವ ಕಾಗದದ ಮೇಲೂ ತಪ್ಪು ತಾರೀಖು ಒತ್ತಿದವಳಲ್ಲ. ಮಾಮ ಅಂಗಡಿಯ ಒಳಗೆ ಮಡಚಿಟ್ಟ ಕುರ್ಚಿಗಳ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಸೊರಗಿ ಹೋಗಿದ್ದರು. ನಾನೂ ನೆಲದ ಮೇಲೆ ಕೂತೆ.

‘ಮಾಮಾ, ಅವತ್ತು ನಾ ಹೇಳಿದ್ದು ತಪ್ಪು’ ಅಂದೆ. ‘ನನ್ನ ಲೆಕ್ಕ ತಪ್ಪಿತು. ನಾವು ಡಾಕ್ಟ್ರ ಹತ್ರ ಹೋದದ್ದು ಕಾರವಾರದ ಕಾರ್ಯಕ್ರಮ ಆದ್ಮೇಲೆ.’

ಅವರು ಕತ್ತೆತ್ತಿದರು. ‘ಆದ್ಮೇಲೆ?’

‘ಆದ್ಮೇಲೆ. ಹಾಡೂಕೆ ಹೋಗೂವಾಗ ಅವ್ಳಿಗೆ ಎಂತಾ ಇರ್ಲಿಲ್ಲ.’

‘ಹೆಸ್ರು ಮೊದ್ಲು?’

‘ಹೆಸ್ರು ಮೊದ್ಲು ಮಾಮಾ. ಗಂಟು ಆಮೇಲೆ.’

ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆಮೇಲೆ ದೊಡ್ಡ ದನಿ ತೆಗೆದು ಅತ್ತರು. ಮೈಕಿಲ್ಲದೇ ಇಡೀ ಓಣಿಗೆ ಕೇಳುವ ಅದೇ ದನಿ. ‘ನಾನೇ ತಿಂದೆನಲ್ಲೇ ಅದನ್ನ’ ಎಂದು ಹಣೆ ಬಡಿದುಕೊಂಡರು. ಪಕ್ಕದ ಅಂಗಡಿಯವನು ಓಡಿ ಬಂದ. ನಾನು ಅವರ ಕೈ ಹಿಡಿದುಕೊಂಡು, ನಾನು ಏನು ಮಾಡಿದೆ ಎಂದು ತಿಳಿದೂ ತಿಳಿದೂ ಕೂತೇ ಇದ್ದೆ. ನಿಲ್ಲಿಸಲು ಒಂದು ಮಾತು ಸಾಕಾಗಿತ್ತು. ಆಡಲಿಲ್ಲ.

ಅಳು ನಿಂತ ಮೇಲೆ ಶಾಲ್ಯದಿಂದ ಮುಖ ಒರೆಸಿಕೊಂಡರು. ನೀರು ಕೇಳಿ ಕುಡಿದರು. ಬೆನ್ನು ನೆಟ್ಟಗೆ ಮಾಡಿ ಕೂತರು. ‘ಆ ಕೇಣಿ ಹುಡ್ಗರು ಎಲ್ಲಿದ್ದಾರೆ? ಹೆಸ್ರಿಲ್ದೆ ತಿರುಗ್ತಾ ಇರ್ಬೇಕು ಶನಿಗಳು. ಫೋನ್ ಮಾಡು, ಇವತ್ತೇ ಬರೂಕೆ ಹೇಳು’ ಅಂದರು. ಸಂಜೆಯ ಹೊತ್ತಿಗೆ ಹುಡುಗರು ಬಂದರು. ಮಾಮಿ ನುಚ್ಚು ತಂದರು. ತಾಳ ಎತ್ತಿಕೊಂಡು ಮಾಮ ಅವರನ್ನೆಲ್ಲ ಒಮ್ಮೆ ನೋಡಿದರು, ದುಡಿದು ಗಟ್ಟಿಯಾದ ಮೈ, ನಗುವ ಮುಖಗಳು. ‘ಕೊಳೆತ ಬಂಗಡೆ’ ಎಂದರು. ಹುಡುಗರು ಹೋ ಎಂದು ಕೂಗಿ ಅವರ ಕಾಲಿಗೆ ಬಿದ್ದರು. ಅಂದು ಮಾಮ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು ಎಂದು ಮಾಮಿ ಮರುದಿನ ಫೋನು ಮಾಡಿ ಹೇಳಿದರು.

ನನ್ನ ಸುಳ್ಳು ಅವರಿಗೆ ತಿಳಿದಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ತಿಳಿದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ನಂಬಿದರು. ಅದೇ ನನ್ನನ್ನು ತಿನ್ನುತ್ತದೆ. ಯಮುನಕ್ಕನ ತಾಯಿಯನ್ನು ದಾರಿಯಲ್ಲಿ ಕಂಡರೆ ಮಾಮ ಎದುರಾಗದೆ ಬೇರೆ ಓಣಿ ಹಿಡಿಯುತ್ತಿದ್ದರು. ಹೋಗಿ ಆ ಮುದುಕಿಗೆ ಕಾಯಿಲೆಯೇ ಮೊದಲಿತ್ತೆಂಬ ನಿಜ ಹೇಳಿ, ಮಾಮನನ್ನು ಅವಳ ಎದುರಿಗೆ ಕರೆದುಕೊಂಡು ಬರಬೇಕೆಂದು ಹಲವು ಸಲ ಅನಿಸಿತ್ತು. ಆದರೆ ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ತಿಳಿಯುತ್ತದೆ. ಸುಮ್ಮನಿದ್ದೆ, ಇವತ್ತಿಗೂ ಸುಮ್ಮನಿದ್ದೇನೆ.

ಹೋದ ಆಷಾಢದಲ್ಲಿ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಹೊರಗೆ ಮಳೆ ಜೋರಾಗಿತ್ತು, ಮಾತು ಕೇಳಲು ನಾನು ಹತ್ತಿರ ಬಗ್ಗಬೇಕಾಯಿತು. ಕೇಣಿಯ ಹುಡುಗರ ದೋಣಿ ಗಾಳಿಗೆ ಸಿಕ್ಕಿ, ಎಲ್ಲರೂ ಸುರಕ್ಷಿತವಾಗಿ ದಡ ಸೇರಿದ ಸುದ್ದಿ ಅವರಿಗೆ ಮುಟ್ಟಿತ್ತು.

‘ಕೇಳಿದ್ಯಾ?’ ಅಂದರು. ‘ಒಬ್ಬನಿಗೂ ಗಾಯ ಇಲ್ಲ.’

‘ಕೇಳ್ದೆ ಮಾಮಾ.’

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು, ಹಿಡಿತದಲ್ಲಿ ಬಲವಿರಲಿಲ್ಲ. ‘ಯಮುನನ್ನ ಕೊಂದವ ನಾನು. ಈ ಹುಡ್ಗರನ್ನ ಉಳ್ಸಿದವ್ನೂ ನಾನೇ. ಹೌದಲ್ವೇನೇ?’

‘ಹೌದು ಮಾಮಾ’ ಅಂದೆ.

‘ಎರಡೂ?’

‘ಎರಡೂ’ ಅಂದೆ.